ಟಿಟಿ-02 ಸ್ಟೀರಿಂಗ್ ಸರಿ ಮಾಡಿದ್ದು: ಮೂರು ಸರ್ವೊ, ಒಂದು ಪೊರಕೆ ಕಡ್ಡಿ

ಮೊದಲ ಶನಿವಾರ

ನನ್ನ ರಿಮೋಟ್ ಕಂಟ್ರೋಲ್ ಕಾರನ್ನು ಎಡಕ್ಕೆ ತಿರುಗಿಸಿ ಕೈ ಬಿಟ್ಟರೆ ಎಡಕ್ಕೇ ಎಳೆಯುತ್ತದೆ. ಬಲಕ್ಕೆ ತಿರುಗಿಸಿ ಬಿಟ್ಟರೆ ಬಲಕ್ಕೆ. ರಿಮೋಟಿನ ಟ್ರಿಮ್ (ಸ್ಟೀರಿಂಗಿನ ನಡುವನ್ನು ಚೂರು ಆಚೀಚೆ ಸರಿಸುವ ಗುಂಡಿ) ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಟ್ರಿಮ್ ಒಂದು ಕಡೆಯ ತಪ್ಪನ್ನು ತಿದ್ದುತ್ತದೆ, ಇದು ಎರಡೂ ಕಡೆಯ ತಪ್ಪು.

ಕಾರು ತಮಿಯಾ ಟಿಟಿ-02. 1/10 ಅಳತೆ, ನಾಲ್ಕೂ ಚಕ್ರಕ್ಕೆ ಶಾಫ್ಟ್ ಡ್ರೈವ್. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಬ್ಯಾಟರಿ ಸೇರಿಸಿ ಅಡುಗೆಮನೆ ತಕ್ಕಡಿಯಲ್ಲಿ 1,430 ಗ್ರಾಂ ತೂಗುತ್ತದೆ. ಓಡಿಸುವುದು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಶನಿವಾರ ಬೆಳಗ್ಗೆ ಅರ್ಧ ಜನ ಊರಿಗೆ ಹೊರಟಿರುತ್ತಾರೆ, ಜಾಗ ಚೆನ್ನಾಗಿ ಸಿಗುತ್ತದೆ.

ಸರ್ವೊ, ಅಂದರೆ ಮುಂದಿನ ಚಕ್ರಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಚಿಕ್ಕ ಮೋಟಾರು ಡಬ್ಬಿ, ಬಿಚ್ಚಿದೆ. ಅಡಿಯಲ್ಲಿ ನಾಲ್ಕು ಉದ್ದದ ಸ್ಕ್ರೂ, ಅಷ್ಟೇ. ಮೇಲಿನ ಮುಚ್ಚಳ ತೆಗೆದರೆ ಬಿಳಿ ಪ್ಲಾಸ್ಟಿಕ್ ಗೇರುಗಳು. ಒಂದರಲ್ಲಿ ಒಂದು ಹಲ್ಲು ಮುರಿದಿತ್ತು, ಪಕ್ಕದ್ದು ಅರ್ಧ ಸವೆದಿತ್ತು. ಹಳೆಯ ಮಾಲೀಕ ಎಲ್ಲೋ ಕಂಬಕ್ಕೆ ಗುದ್ದಿಸಿರಬೇಕು. ಕಾರಣ ಸಿಕ್ಕಿತು, ಹೊಸ ಸರ್ವೊ ಹಾಕಿದರೆ ಆಯಿತು ಅಂದುಕೊಂಡೆ. ಇದು ಒಂದು ದಿನದ ಕೆಲಸ ಅಂತ ಹೆಂಡತಿಗೂ ಹೇಳಿಬಿಟ್ಟೆ.

ಅದೇ ಮಧ್ಯಾಹ್ನ, ಎಸ್‌ಪಿ ರೋಡ್

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಬೀದಿ ಇದು. ಅಂಗಡಿಯವರು ಡಬ್ಬಿಯಿಂದ ಒಂದನ್ನು ತೆಗೆದು ಮುಂದಿಟ್ಟರು. "ಸಾರ್, ಇದೇ ತಗೊಳ್ಳಿ. ಮೆಟಲ್ ಗೇರು, 11 ಕೆಜಿ. ಕಾಲೇಜ್ ಹುಡುಗ್ರೆಲ್ಲ ರೋಬೋಗೆ ಇದನ್ನೇ ಒಯ್ಯೋದು." 380 ರೂಪಾಯಿ. ತಗೊಂಡೆ.

ಈ 11 ಕೆಜಿ ಅನ್ನುವುದು ಸರ್ವೊದ ತೂಕವೂ ಅಲ್ಲ, ಅದು ಎತ್ತುವ ಭಾರವೂ ಅಲ್ಲ. ಶಾಫ್ಟಿನ ನಡುವಿನಿಂದ 1 ಸೆಂಟಿಮೀಟರ್ ದೂರದಲ್ಲಿ 11 ಕೆಜಿ ನೇತು ಹಾಕಿದರೆ ಅಲ್ಲಿಗೆ ಸರ್ವೊ ನಿಂತುಹೋಗುತ್ತದೆ ಅಂತ ಅರ್ಥ. 2 ಸೆಂಟಿಮೀಟರ್ ದೂರಕ್ಕೆ ಹೋದರೆ ಐದೂವರೆ ಕೆಜಿಗೇ ನಿಲ್ಲುತ್ತದೆ. ಅಂದರೆ ಆ ಅಂಕಿ ಸರ್ವೊ ಸೋಲುವ ಜಾಗದ್ದು, ಕೆಲಸ ಮಾಡುವ ಜಾಗದ್ದಲ್ಲ.

ಕೊಳ್ಳುವ ಮುಂಚೆ ನೋಡಬೇಕಾದ ಇನ್ನೊಂದು ವಿಷಯ ಶಾಫ್ಟಿನ ಹಲ್ಲುಗಳ ಲೆಕ್ಕ. ಫುಟಾಬಾ ಕಂಪನಿಯ ಪದ್ಧತಿಯದ್ದು 25 ಹಲ್ಲು, ಹೈಟೆಕ್‌ನ ಸ್ಟ್ಯಾಂಡರ್ಡ್ ಸರ್ವೊಗಳದ್ದು 24, ಜೆಆರ್, ಕೆಒ, ಸಾನ್ವಾದ್ದು 23. ತಮಿಯಾ ಕಿಟ್ಟಿನಲ್ಲಿ ಬೇರೆ ಬೇರೆಯವಕ್ಕೆ ಹೊಂದುವ ತುಂಡುಗಳು ಇರುತ್ತವೆ, ಹಾಗಾಗಿ ನನಗೆ ತೊಂದರೆ ಆಗಲಿಲ್ಲ. ಆದರೆ 24ರ ಮೇಲೆ 25ರ ಹಾರ್ನ್ (ಶಾಫ್ಟಿನ ಮೇಲೆ ಕೂರುವ ತೋಳು) ಒತ್ತಿ ಕೂರಿಸಲು ಹೋಗಬೇಡಿ. ಕೂತಂತೆ ಅನಿಸುತ್ತದೆ, ಮೊದಲ ಗುದ್ದಿಗೇ ಉಜ್ಜಿಹೋಗುತ್ತದೆ.

ಸಂಜೆ ಹಾಕಿ ಓಡಿಸಿದೆ. ಎಡಕ್ಕೆ ಬಿಟ್ಟರೆ ಎಡಕ್ಕೆ, ಬಲಕ್ಕೆ ಬಿಟ್ಟರೆ ಬಲಕ್ಕೆ. ಜೊತೆಗೆ ನಿಂತಾಗ ಗುರ್ ಅನ್ನುವ ಸದ್ದು, ಅದು ಬೋನಸ್ಸು.

ಎರಡನೇ ವಾರ: ಸಿಟ್ಟಿನಲ್ಲಿ ಕೊಂಡದ್ದು

ಸಿಟ್ಟಿನಲ್ಲಿ ಇರುವಾಗ ಆನ್‌ಲೈನ್ ಅಂಗಡಿ ತೆರೆಯಬಾರದು. 20 ಕೆಜಿ ಡಿಜಿಟಲ್ ಸರ್ವೊ ತರಿಸಿದೆ, 1,150 ರೂಪಾಯಿ. 20 ದೊಡ್ಡದು, 11 ಚಿಕ್ಕದು, ಅಷ್ಟೇ ಲೆಕ್ಕ.

ಇದನ್ನು ಹಾಕಿದ ಮೇಲೆ ಕಾರು ಪೂರ್ತಿ ಕೈಕೊಟ್ಟಿತು. ನಿಂತಲ್ಲೇ ಚಕ್ರ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ರಿಮೋಟಿನ ಸಂಕೇತ ಹಿಡಿಯುವ ರಿಸೀವರಿನ ದೀಪ ಮಿಣುಕಿ ಆರುತ್ತದೆ, ಒಂದು ಕ್ಷಣ ಯಾವುದೂ ಕೆಲಸ ಮಾಡುವುದಿಲ್ಲ. ಒಮ್ಮೆ ಹೀಗೆ ಆಗಿ ಪಕ್ಕದ ಮನೆಯವರ ಸ್ಕೂಟರಿನ ಸ್ಟ್ಯಾಂಡಿಗೆ ಗುದ್ದಿತು. ಸ್ಕೂಟರಿಗೆ ಏನೂ ಆಗಲಿಲ್ಲ, ನನ್ನ ಬಂಪರ್ ಹೋಯಿತು.

ಕಾರಣ ಕರೆಂಟು. ರಿಸೀವರಿಗೂ ಸರ್ವೊಗೂ ವಿದ್ಯುತ್ ಬರುವುದು ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಒಳಗಿನ ಬಿಇಸಿ ಅನ್ನುವ ಚಿಕ್ಕ ಭಾಗದಿಂದ. ನನ್ನದು 6 ವೋಲ್ಟ್, 2 ಆಂಪ್. ಇಂಥ ದೊಡ್ಡ ಸರ್ವೊ ತಡೆದು ನಿಂತಾಗ ಒಂದೇ 2 ಆಂಪಿಗಿಂತ ಜಾಸ್ತಿ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ರಿಸೀವರ್ ಸತ್ತು ಹುಟ್ಟುತ್ತದೆ. ಕಡಿಮೆ ಲೋಡಿನ ಮೀಟರ್ ಇಟ್ಟುಕೊಂಡು ಗೀಸರ್ ಹಾಕಿದ ಹಾಗೆ.

ಮೊದಲು ರಿಸೀವರಿನ ಖಾಲಿ ಚಾನಲ್ಲಿಗೆ 4,700 ಮೈಕ್ರೊಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಸಿಕ್ಕಿಸಿದೆ. ಪ್ಲಸ್, ಮೈನಸ್ ಎರಡೆರಡು ಸಲ ನೋಡಿಯೇ ಸಿಕ್ಕಿಸಬೇಕು, ಉಲ್ಟಾ ಆದರೆ ಪಟಾಕಿ. ಒಂದು ಗಳಿಗೆಯ ಎಳೆತಕ್ಕೆ ಇದು ಸಾಕಾಯಿತು. ಚಕ್ರ ಗೋಡೆಗೆ ಒತ್ತಿ ನಿಂತರೆ ಮತ್ತೆ ಅದೇ ಕಥೆ. ಕೊನೆಗೆ ಬ್ಯಾಟರಿಯಿಂದಲೇ ಬೇರೆ ತಂತಿ ಎಳೆದು 5 ಆಂಪಿನ ಯುಬಿಇಸಿ, ಅಂದರೆ ಪ್ರತ್ಯೇಕವಾದ ಬಿಇಸಿ, ಹಾಕಿದೆ. ಇಎಸ್‌ಸಿಯ ಪ್ಲಗ್ಗಿನಿಂದ ಕೆಂಪು ತಂತಿಯ ಪಿನ್ ಮಾತ್ರ ಹೊರಗೆಳೆದು ಟೇಪ್ ಸುತ್ತಿದೆ. ಕಪ್ಪು ತಂತಿ, ಸಿಗ್ನಲ್ ತಂತಿ ಅಲ್ಲೇ ಇರಬೇಕು. ದೀಪ ಆರುವುದು ನಿಂತಿತು.

ಎಡಕ್ಕೆ ಬಿಟ್ಟರೆ ಎಡಕ್ಕೆ ಎಳೆಯುವುದು? ಅದು ಹಾಗೇ ಇತ್ತು.

ಮೂರನೇ ವಾರ: ಅಳೆಯಲು ಕೂತದ್ದು

ಇನ್ನು ಅಂದಾಜಿನ ಮೇಲೆ ಖರ್ಚು ಮಾಡುವುದಿಲ್ಲ ಅಂತ ಕೂತೆ. ಊರಿಗೆ ಹೋಗುವಾಗ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿತ್ತು. ಸರ್ವೊವನ್ನು ಹಲಗೆಗೆ ಬಿಗಿದು, ಹಾರ್ನಿನ 2 ಸೆಂಟಿಮೀಟರ್ ದೂರದ ತೂತಿಗೆ ತಕ್ಕಡಿ ಕೊಕ್ಕೆ ಹಾಕಿ ಎಳೆಸಿದೆ. "11 ಕೆಜಿ" ಸರ್ವೊ 3.3 ಕೆಜಿಗೆ ನಿಂತಿತು. ಅಂದರೆ 1 ಸೆಂಟಿಮೀಟರ್ ಲೆಕ್ಕದಲ್ಲಿ 6.6. ಅಂಗಡಿಯಲ್ಲಿ ಹೇಳಿದ್ದರ ಅರ್ಧಕ್ಕಿಂತ ಚೂರು ಜಾಸ್ತಿ.

ಆಮೇಲೆ ಹೊಳೆದದ್ದು ಮೊದಲೇ ಹೊಳೆಯಬೇಕಿತ್ತು: ನನ್ನ ಕಾರಿಗೆ ಬೇಕಿರುವುದು ಎಷ್ಟು? ಸರ್ವೊ ಕಳಚಿ, ಕಾರನ್ನು ಬೇಸ್‌ಮೆಂಟಿನ ಸಿಮೆಂಟ್ ನೆಲದ ಮೇಲಿಟ್ಟು, ಸ್ಟೀರಿಂಗ್ ಕಡ್ಡಿಗೆ ಅದೇ ತಕ್ಕಡಿ ಸಿಕ್ಕಿಸಿ ಎಳೆದೆ. ಸುಮಾರು 800 ಗ್ರಾಂಗೆ ಚಕ್ರ ತಿರುಗಿತು. ಹಾರ್ನಿನಲ್ಲಿ ಕಡ್ಡಿ ಕೂರುವುದು ಒಂದೂವರೆ ಸೆಂಟಿಮೀಟರ್ ದೂರದಲ್ಲಿ. ಗುಣಿಸಿದರೆ 1.2 ಕೆಜಿ-ಸೆಂಮೀ. ನಿಂತ ಕಾರಿಗೇ ಇಷ್ಟು, ಓಡುವಾಗ ಇನ್ನೂ ಕಡಿಮೆ. ಗುದ್ದು, ಗುಂಡಿಗೆ ಅಂತ ನಾಲ್ಕೈದು ಪಟ್ಟು ಇಟ್ಟುಕೊಂಡರೂ 6 ಸಾಕು. ಬಂಡೆ ಹತ್ತುವ ಕ್ರಾಲರಿಗಾದರೆ 20 ಕೆಜಿ ಬೇಕು, ಒಪ್ಪೋಣ. ನಾನು ಸೊಪ್ಪು ಹೆಚ್ಚಲು ಮಚ್ಚು ತಂದಿದ್ದೆ.

ಹಾಗಾದರೆ ನಡುವಿಗೆ ಯಾಕೆ ವಾಪಸ್ ಬರುತ್ತಿಲ್ಲ? ಪೊರಕೆ ಕಡ್ಡಿಯೊಂದನ್ನು ಹಾರ್ನಿಗೆ ಟೇಪಿನಲ್ಲಿ ಅಂಟಿಸಿದೆ. ಶಾಫ್ಟಿನಿಂದ ತುದಿಗೆ 20 ಸೆಂಟಿಮೀಟರ್, ಕೆಳಗೆ ಮಗಳ ಗ್ರಾಫ್ ಹಾಳೆ. ಎಡದಿಂದ ಬಿಟ್ಟಾಗ ತುದಿ ಎಲ್ಲಿ ನಿಲ್ಲುತ್ತದೆ, ಬಲದಿಂದ ಬಿಟ್ಟಾಗ ಎಲ್ಲಿ, ಗುರುತು ಹಾಕುತ್ತಾ ಹೋದೆ. ಹಳೆಯ ಪ್ಲಾಸ್ಟಿಕ್ ಸರ್ವೊದಲ್ಲಿ ಎರಡು ಗುರುತುಗಳ ನಡುವೆ 9 ಮಿಲಿಮೀಟರ್. ಎಸ್‌ಪಿ ರೋಡಿನದ್ದರಲ್ಲಿ 6. ಡಿಜಿಟಲ್‌ನಲ್ಲಿ 2.

2 ಮಿಲಿಮೀಟರ್ ಅಂದರೆ ಅರ್ಧ ಡಿಗ್ರಿ ಆಸುಪಾಸು. ಇದು ಸರ್ವೊದ ಗುಣವೇ. ರಿಸೀವರ್ ಕಳಿಸುವ ಪಲ್ಸ್ 1,500 ಮೈಕ್ರೊಸೆಕೆಂಡ್ ಇದ್ದರೆ ನಡು, 1,000ದ ಕಡೆಗೆ ಒಂದು ತುದಿ, 2,000ದ ಕಡೆಗೆ ಇನ್ನೊಂದು. ಒಳಗಿನ ಪೊಟೆನ್ಶಿಯೋಮೀಟರ್ ಶಾಫ್ಟ್ ಎಲ್ಲಿದೆ ಅಂತ ಹೇಳುತ್ತಿರುತ್ತದೆ. ವ್ಯತ್ಯಾಸ ಕೆಲವೇ ಮೈಕ್ರೊಸೆಕೆಂಡ್ ಇದ್ದರೆ ಸರ್ವೊ "ಸಾಕು ಬಿಡು" ಅಂತ ಸುಮ್ಮನಾಗುತ್ತದೆ. ಅದೇ ಡೆಡ್‌ಬ್ಯಾಂಡ್. 5 ಮೈಕ್ರೊಸೆಕೆಂಡ್ ಬಿಟ್ಟರೆ ಅರ್ಧ ಡಿಗ್ರಿಗೆ ಹತ್ತಿರ ಬರುತ್ತದೆ, ಲೆಕ್ಕ ಕೂಡಿತು.

ಅಂದರೆ ಡಿಜಿಟಲ್ ಸರ್ವೊ ನಿರಪರಾಧಿ. ಅದನ್ನು ಕಾರಿಗೆ ಹಾಕಿ, ಮುಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ರಿಮೋಟ್ ತಿರುಗಿಸಿದೆ. ಸರ್ವೊದ ಶಾಫ್ಟ್ ತಿರುಗುತ್ತಿದೆ, ಚಕ್ರ ಅಲ್ಲಾಡುತ್ತಿಲ್ಲ! ನಡುವೆ ಬಾಗುತ್ತಿದ್ದದ್ದು ಸರ್ವೊ ಸೇವರ್. ಗುದ್ದಿದಾಗ ಗೇರಿನ ಹಲ್ಲು ಉಳಿಯಲಿ ಅಂತ ಹಾರ್ನಿನೊಳಗೆ ಇಡುವ ಸ್ಪ್ರಿಂಗ್ ಅದು. ಕಿಟ್ಟಿನದ್ದು ಮೆತ್ತಗಿರುತ್ತದೆ, ನನ್ನದಂತೂ ಹಳೆಯದಾಗಿ ಇನ್ನೂ ಸಡಿಲ. 6 ಕೆಜಿ ಹಾಕಿ, 20 ಹಾಕಿ, ಚಕ್ರಕ್ಕೆ ಮುಟ್ಟುವುದು ಆ ಸ್ಪ್ರಿಂಗ್ ತಡೆಯುವಷ್ಟೇ. ಮೂರು ವಾರ ನಾನು ಜಗಳವಾಡಿದ್ದು ತಪ್ಪು ಆಸಾಮಿ ಜೊತೆ.

ತಮಿಯಾದ್ದೇ ಗಟ್ಟಿ ಸ್ಪ್ರಿಂಗಿನ ಹೈ-ಟಾರ್ಕ್ ಸರ್ವೊ ಸೇವರ್ ಸಿಗುತ್ತದೆ, ಪಾರ್ಟ್ ನಂಬರ್ 51000. ಹಾಕಿದೆ. ಹಾರ್ನ್ ಕೂರಿಸುವ ಮುಂಚೆ ರಿಮೋಟ್ ಆನ್ ಮಾಡಿ, ಟ್ರಿಮ್ ಸೊನ್ನೆಗೆ ತಂದು, ಸರ್ವೊ ನಡುವಿಗೆ ಬಂದ ಮೇಲೆಯೇ ಸ್ಕ್ರೂ ಬಿಗಿಯಬೇಕು. ಕಾರು ಮೊದಲ ಸಲ ನೆಟ್ಟಗೆ ಓಡಿತು.

ಐದನೇ ವಾರ: ಇನ್ನೂ ಒಂದು ಸರ್ವೊ ಯಾಕೆ ಅಂದರೆ

ನೆಟ್ಟಗೆ ಓಡಿದ ಮೇಲೆ ನಿಧಾನ ಕಾಣತೊಡಗಿತು. ಕಂಬದ ಸುತ್ತ ಎಂಟರ ಆಕಾರ ಹಾಕುವಾಗ ನಾನು ತಿರುಗಿಸಿದ ಮೇಲೆ ಕಾರು ಯೋಚಿಸಿ ತಿರುಗುತ್ತಿದೆ ಅನಿಸಿತು. ಫೋನಿನ ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್. ಪೊರಕೆ ಕಡ್ಡಿ 60 ಡಿಗ್ರಿ ದಾಟಲು 20 ಕೆಜಿ ಸರ್ವೊ 41 ಫ್ರೇಮ್ ತಗೊಂಡಿತು. 0.17 ಸೆಕೆಂಡ್. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಕಾರು 1.4 ಮೀಟರ್ ಮುಂದೆ ಹೋಗಿರುತ್ತದೆ. ನಮ್ಮ ಬೇಸ್‌ಮೆಂಟಿನಲ್ಲಿ ಅದು ಸಣ್ಣ ದೂರವಲ್ಲ.

ಬಲ ಮತ್ತು ವೇಗ ಒಂದಕ್ಕೊಂದು ಕೊಟ್ಟು ತಗೊಳ್ಳುವ ವ್ಯವಹಾರ. ಸರ್ವೊ ಕಂಪನಿ ಸಾವಾಕ್ಸ್ ಅವರ ಪಟ್ಟಿಯಲ್ಲೇ ಎರಡನ್ನು ಪಕ್ಕ ಪಕ್ಕ ಇಟ್ಟು ನೋಡಿ. ಎಸ್‌ಸಿ-0251ಎಂಜಿ 6 ವೋಲ್ಟಿನಲ್ಲಿ 16 ಕೆಜಿ, 60 ಡಿಗ್ರಿಗೆ 0.18 ಸೆಕೆಂಡ್. ಎಸ್‌ಸಿ-1258ಟಿಜಿ 12 ಕೆಜಿ, 0.08 ಸೆಕೆಂಡ್. ರಸ್ತೆ ಕಾರಿಗೆ ಎರಡನೆಯದ್ದೇ ಸರಿ, ಆದರೆ ಬೆಲೆ ನೋಡಿ ಪುಟ ಮುಚ್ಚಿದೆ. ಕೋರ್‌ಲೆಸ್ ಮೋಟಾರಿನ, 9 ಕೆಜಿಯ ಒಂದು ಅಗ್ಗದ ಸರ್ವೊ ತರಿಸಿದೆ. ಕಂಪನಿ ಹೆಸರು ಈಗಲೇ ಹೇಳುವುದಿಲ್ಲ, ಬಂದು ಹತ್ತು ದಿನ ಆಗಿದೆ ಅಷ್ಟೇ. ಕಡ್ಡಿ ಪರೀಕ್ಷೆಯಲ್ಲಿ 23 ಫ್ರೇಮ್, ನಡುವಿನ ತಪ್ಪು 2 ಮಿಲಿಮೀಟರಿಗೂ ಕಡಿಮೆ. ಎಳೆತ 7.4 ಕೆಜಿ-ಸೆಂಮೀ. ಹೇಳಿದ್ದಕ್ಕಿಂತ ಕಮ್ಮಿ, ನನಗೆ ಬೇಕಾದ್ದಕ್ಕಿಂತ ಜಾಸ್ತಿ.

20 ಕೆಜಿಯದ್ದನ್ನು ಡ್ರಾಯರಿನಲ್ಲಿ ಇಟ್ಟಿದ್ದೇನೆ. ಕ್ರಾಲರ್ ಕೊಳ್ಳಲು ಒಂದು ನೆಪ ಆಯಿತು ಅಲ್ವಾ?

ಈ ಶನಿವಾರ

ರಿಮೋಟಿನಲ್ಲಿ ಇಪಿಎ (ಸರ್ವೊ ಎಷ್ಟು ದೂರ ತಿರುಗಬಹುದು ಅನ್ನುವ ಮಿತಿ) ಎಡಕ್ಕೆ 92, ಬಲಕ್ಕೆ 88ಕ್ಕೆ ಇಳಿಸಿದೆ. ಚಕ್ರ ಕೊನೆ ಮುಟ್ಟಿದ ಮೇಲೂ ಸರ್ವೊ ತಳ್ಳುತ್ತಲೇ ಇದ್ದರೆ ಸುಮ್ನೆ ಬಿಸಿಯಾಗುತ್ತದೆ. ಪಾರ್ಕಿಂಗಿನ ಹಳದಿ ಗೆರೆಯ ಮೇಲೆ ಆ ತುದಿಯಿಂದ ಈ ತುದಿಗೆ ಕೈ ಬಿಟ್ಟು ಓಡಿಸಿದೆ. ಗೆರೆ ತಪ್ಪಲಿಲ್ಲ. ಹಾಗೆ ನೆಟ್ಟಗೆ ಹೋಗುವಾಗಲೇ ಹಿಂದಿನ ಬಲ ಚಕ್ರ ಓಲಾಡುವುದು ಕಣ್ಣಿಗೆ ಬಿತ್ತು. ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ ಬುಶ್, ತೂತು ಮೊಟ್ಟೆಯಾಕಾರಕ್ಕೆ ಸವೆದಿದೆ. ಅಲ್ಲಿಗೆ 1150 ಅಳತೆಯ ಬೇರಿಂಗ್ ಬೇಕು. ನಾಳೆ ಭಾನುವಾರ, ಎಸ್‌ಪಿ ರೋಡಿಗೆ ಸೋಮವಾರವೇ.