ಸಿ ಡ್ರೈವ್‌ನಲ್ಲಿ 120 ಜಿಬಿ ಖಾಲಿ, ಶ್ರಿಂಕ್ ಮಾಡಲು ಸಿಗುವುದು 9 ಜಿಬಿ: ಯಾಕೆ?

ವಿಂಡೋಸ್ ಜೊತೆಗೆ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿಕೊಳ್ಳಲು ಹೊರಟವರು ಹೆಚ್ಚಾಗಿ ಎಡವುವುದು ಇಲ್ಲೇ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಒತ್ತಿದರೆ, ಅಷ್ಟೊಂದು ಜಾಗ ಖಾಲಿ ಇದ್ದರೂ ವಿಂಡೋಸ್ ಚಿಟಿಕೆಯಷ್ಟು ಕೊಟ್ಟು ಸುಮ್ಮನಾಗುತ್ತದೆ. ಆಮೇಲೆ ಸಿನಿಮಾ, ಫೋಟೊ ಎಲ್ಲ ಅಳಿಸಿದರೂ ಆ ಅಂಕಿ ಅಲ್ಲಾಡುವುದಿಲ್ಲ.

ಶ್ರಿಂಕ್ ಆಗುವುದು, ಅಂದರೆ ಕುಗ್ಗುವುದು, ಪಾರ್ಟಿಶನ್ನಿನ (ಡಿಸ್ಕ್‌ನ ಒಂದು ಭಾಗ; ಇಲ್ಲಿ ಸಿ) ಕೊನೆಯಿಂದ ಮಾತ್ರ. ಹೊಲದ ತುದಿಯಲ್ಲಿ ಬಾವಿ ಇದ್ದರೆ ಬೇಲಿಯನ್ನು ಅದರಿಂದ ಈಚೆಗೆ ತರಲಾಗದು. ನಡುವೆ ಎಷ್ಟು ಎಕರೆ ಬೀಳುಬಿದ್ದಿದ್ದರೂ ಅಷ್ಟೆ. ಇಲ್ಲಿ ಬಾವಿಗಳೆಂದರೆ ಹೈಬರ್ನೇಟ್ ಫೈಲ್ (ನಿದ್ರೆಗೆ ಹೋಗುವಾಗ ಮೆಮೊರಿಯನ್ನು ಉಳಿಸಿಡುವುದು), ಪೇಜ್ ಫೈಲ್ (ರ್‍ಯಾಮ್‌ ಸಾಲದಾಗ ಬಳಸುವ ವರ್ಚುವಲ್ ಮೆಮೊರಿ) ಮತ್ತು ರಿಸ್ಟೋರ್ ಪಾಯಿಂಟ್‌ಗಳು (ಹಿಂದಿನ ಸ್ಥಿತಿಗೆ ಮರಳಲು ಇಟ್ಟ ಪ್ರತಿಗಳು). ವಿಂಡೋಸ್ ಓಡುತ್ತಿರುವಾಗ ಇವು ಕದಲುವುದಿಲ್ಲ.

ಮೊದಲು ಬ್ಯಾಕಪ್. ನಂತರ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಗೂಢಲಿಪಿ ಬೀಗ) ನೋಡಿ: ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ನೀವು ಆನ್ ಮಾಡದಿದ್ದರೂ ಡಿವೈಸ್ ಎನ್‌ಕ್ರಿಪ್ಶನ್ ಆನ್ ಆಗಿರಬಹುದು. 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡು, ಎನ್‌ಕ್ರಿಪ್ಶನ್ ಆಫ್ ಮಾಡಿ, ಡಿಕ್ರಿಪ್ಶನ್ ಪೂರ್ತಿ ಮುಗಿಯುವವರೆಗೆ ಕಾಯಿರಿ.

ಈಗ ಬಾವಿ ಮುಚ್ಚುವ ಕೆಲಸ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘powercfg /h off’ ಕೊಡಿ. ಹೈಬರ್ನೇಟ್ ಫೈಲ್ ಅಳಿಯುವುದರ ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ. ಇದು ಹೇಗೂ ನಿಲ್ಲಲೇಬೇಕು: ಇಲ್ಲದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ರೆಯಲ್ಲೇ ಇರುತ್ತದೆ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಏನನ್ನೂ ಬರೆಯಲಾಗುವುದಿಲ್ಲ. ರಿಸ್ಟೋರ್ ಪಾಯಿಂಟ್‌ಗಳಿಗಾಗಿ ಸಿಸ್ಟಮ್ ಪ್ರೊಟೆಕ್ಷನ್ ಆಫ್ ಮಾಡಿ. ವರ್ಚುವಲ್ ಮೆಮೊರಿಯಲ್ಲಿ ‘ನೋ ಪೇಜಿಂಗ್ ಫೈಲ್’ ಆರಿಸಿ ರೀಸ್ಟಾರ್ಟ್ ಮಾಡಿ. ಶ್ರಿಂಕ್ ಆದಮೇಲೆ ಈ ಎರಡನ್ನೂ ಮೊದಲಿನಂತೆ ಮಾಡಲು ಮರೆಯಬೇಡಿ.

ಇಷ್ಟಾದರೂ ಬಗ್ಗದಿದ್ದರೆ ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ 259ನೇ ಈವೆಂಟ್ ಹುಡುಕಿ. ಅಡ್ಡ ನಿಂತ ಫೈಲಿನ ಹೆಸರು ಅಲ್ಲೇ ಇರುತ್ತದೆ. ಅದು ಎನ್‌ಟಿಎಫ್‌ಎಸ್‌ನದೇ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಒಳಫೈಲಾಗಿದ್ದರೆ ಜಿಪಾರ್ಟೆಡ್ (ಪಾರ್ಟಿಶನ್ ಬದಲಿಸುವ ಸಾಧನ) ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಕುಗ್ಗಿಸುವುದೇ ದಾರಿ. ಮುಂದಿನ ಬೂಟ್‌ನಲ್ಲಿ ವಿಂಡೋಸ್ ತಾನಾಗಿ ಡಿಸ್ಕ್ ಪರೀಕ್ಷೆಗೆ ಇಳಿಯುತ್ತದೆ. ಗಾಬರಿಯಾಗಿ ಪವರ್ ತೆಗೆಯಬೇಡಿ.

ಎಷ್ಟು ಜಾಗ? ಉಬುಂಟುಗೆ 25 ಜಿಬಿ ಸಾಕೆಂಬುದು ಇನ್‌ಸ್ಟಾಲ್ ಆಗುವ ಮಟ್ಟಿಗಷ್ಟೇ ನಿಜ. 60 ಜಿಬಿ ಕೊಡಿ. ಶ್ರಿಂಕ್ ಪೆಟ್ಟಿಗೆ ಎಂಬಿಯಲ್ಲಿ ಕೇಳುವುದರಿಂದ 61440 ಎಂದು ತುಂಬಿ. ಸಿಯಲ್ಲಿ 30–40 ಜಿಬಿಯಾದರೂ ಖಾಲಿ ಉಳಿಯಲಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ತಕರಾರು ಮಾಡುತ್ತದೆ.

ಹೊರಬಿದ್ದ ಜಾಗವನ್ನು ಅನ್‌ಅಲೊಕೇಟೆಡ್ ಆಗಿಯೇ ಬಿಡಿ. ಅದಕ್ಕೆ ಡ್ರೈವ್ ಅಕ್ಷರ ಕೊಟ್ಟು ಫಾರ್ಮ್ಯಾಟ್ ಮಾಡುವುದು ಬೇಡ. ಹಳೆಯ ಎಂಬಿಆರ್ (ಹಳೆಯ ಬಗೆಯ ಪಾರ್ಟಿಶನ್ ಪಟ್ಟಿ ಇರುವ) ಡಿಸ್ಕ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಶನ್‌ಗಳಿಗೆ ಅವಕಾಶ. ನಾಲ್ಕೂ ಆಗಿಹೋಗಿದ್ದರೆ ಖಾಲಿ ಜಾಗ ಕಣ್ಣಿಗೆ ಕಂಡರೂ ಕೈಗೆ ಬಾರದು. ಆಗ ವಿಂಡೋಸ್ ಡೈನಾಮಿಕ್ ಡಿಸ್ಕ್ ಮಾಡಲೇ ಎಂದು ಕೇಳಿದರೆ ಒಪ್ಪಲೇಬೇಡಿ.

ಉಬುಂಟು ಇನ್‌ಸ್ಟಾಲರ್‌ನಲ್ಲಿ ಖಾಲಿ ಜಾಗವನ್ನೇ ಆರಿಸಿ, ಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಮಾಡಿ. 100 ಎಂಬಿಯಷ್ಟಿರುವ ಇಎಫ್‌ಐ ಪಾರ್ಟಿಶನ್ನನ್ನು ಬಳಸಿಕೊಳ್ಳಿ, ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸ್‌ನ ಬೂಟ್ ಫೈಲ್‌ಗಳು ಅದರಲ್ಲೇ ಇವೆ. ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ (ಡಿಸ್ಕ್ ನಿಭಾಯಿಸುವ ಇಂಟೆಲ್ ವಿಧಾನ) ಆನ್ ಇರಬಹುದು. ಅದನ್ನು ಎಎಚ್‌ಸಿಐಗೆ (ಸಾಮಾನ್ಯ ಡಿಸ್ಕ್ ವಿಧಾನ) ಬದಲಿಸುವ ಮುನ್ನ ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ, ಬದಲಿಸಿದ ಮೇಲೆ ಒಮ್ಮೆ ಸೇಫ್ ಮೋಡ್‌ನಲ್ಲೇ ಬೂಟ್ ಮಾಡಿ. ನೇರವಾಗಿ ಬದಲಿಸಿದರೆ ಸಿಗುವುದು ನೀಲಿ ಪರದೆ.