ಚಿತ್ರದ ಬೆನ್ನು

ಮಾಟುಂಗಾದ ಹಳೆಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುವುದು ಖಚಿತವಾಗಿ, ಅತ್ತೆ ಬಾಡಿಗೆ ಮನೆಗೆ ಹೊರಡುವಾಗ, ಸೋದರಮಾವ ಬರೆದಿದ್ದ ಒಂದೇ ಒಂದು ದೊಡ್ಡ ಕ್ಯಾನ್ವಾಸ್ ಮುಲುಂಡಿನ ನಮ್ಮ ಮನೆಗೆ ಬಂತು. ಮಾವ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಿಂದ ಮುಂಬೈಗೆ ಬಂದು, ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಪಾಠವನ್ನೂ ಹೇಳಿದ ಕೆ.ಕೆ. ಹೆಬ್ಬಾರರು ನಮ್ಮ ಕಡೆಯವರು ಎಂಬ ಅಭಿಮಾನದಿಂದಲೇ ಅವರು ರಜಾದಿನಗಳಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದರು. ನಮಗೆ ಬಂದ ಚಿತ್ರದಲ್ಲಿರುವುದು ಮಲ್ಪೆಯ ಮರಳಿನ ಮೇಲೆ ಎಳೆದಿಟ್ಟ ದೋಣಿಗಳು. ತೈಲವರ್ಣ, ನಾಲ್ಕಡಿ ಅಗಲ, ಮೂರಡಿ ಎತ್ತರ.

ಆಗ ಮೇ ತಿಂಗಳ ಕೊನೆಯ ವಾರ. ಮಳೆ ಹಿಡಿಯುವುದರೊಳಗೆ ಅದನ್ನು ಎಲ್ಲಿ ತೂಗುಹಾಕಬೇಕೆಂದು ನಿರ್ಧರಿಸಬೇಕಿತ್ತು. ಚಿತ್ರಗಳ ಸಂರಕ್ಷಣೆಯನ್ನೇ ಓದಿ, ಅದನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನ ಗೆಳೆಯನ ಮಗಳನ್ನು ಭಾನುವಾರ ಊಟಕ್ಕೆ ಕರೆದೆವು. ಅವಳು ಚಿತ್ರದ ಮುಖವನ್ನು ಹೆಚ್ಚು ಹೊತ್ತು ನೋಡಲಿಲ್ಲ. ಕಿಟಕಿಗಳ ಪರದೆ ಎಳೆಸಿ, ಟಾರ್ಚನ್ನು ಕ್ಯಾನ್ವಾಸಿಗೆ ಸಮಾನಾಂತರವೆನ್ನುವಷ್ಟು ಓರೆಯಾಗಿ ಹಿಡಿದಳು. ನೇರ ಬೆಳಕಿನಲ್ಲಿ ಸಪಾಟಾಗಿ ಕಂಡಿದ್ದ ಆಕಾಶದ ತುಂಬ ಸಣ್ಣ ಸಣ್ಣ ಉಬ್ಬುಗಳು, ಎಡಗಡೆಯ ಮೂಲೆಯಲ್ಲಿ ಜೇಡನ ಬಲೆಯಂತಹ ಬಿರುಕುಗಳು ಎದ್ದು ಕಂಡವು. ಬಳಿಕ, "ಅಂಕಲ್, ಇದನ್ನು ತಿರುಗಿಸಿ ಮಲಗಿಸೋಣ, ಬೆನ್ನು ನೋಡಬೇಕು" ಎಂದಳು.

ಬೆನ್ನಿಗೆ ಹಿಂದೆ ಯಾವನೋ ಫ್ರೇಮಿನವನು ಪ್ಲೈವುಡ್ ಹಲಗೆಯನ್ನು ಸಂದಿಯೇ ಇಲ್ಲದಂತೆ ಮೊಳೆ ಹೊಡೆದು ಮುಚ್ಚಿದ್ದ. ಭದ್ರತೆಗೆಂದು ಮಾಡಿದ್ದಿರಬೇಕು. ಹಲಗೆ ಕಿತ್ತಾಗ ಮಳೆಗಾಲದಲ್ಲಿ ತೆರೆಯದ ಬೀರುವಿನ ವಾಸನೆ ಬಂತು. ಕ್ಯಾನ್ವಾಸಿನ ಹಿಂಬದಿಯ ಕೆಳಭಾಗದಲ್ಲಿ ಬೂದು ಬಣ್ಣದ ಬೂಷ್ಟು ಚುಕ್ಕೆಚುಕ್ಕೆಯಾಗಿ ಹರಡಿತ್ತು. ಗಾಳಿಯ ತೇವಾಂಶ ಶೇಕಡಾ 65-70 ದಾಟಿ ಕೆಲವು ದಿನ ನಿಂತರೆ ಬೂಷ್ಟಿಗೆ ಬೇರೇನೂ ಬೇಕಾಗಿಲ್ಲ, ಮುಂಬೈಯ ಜುಲೈ-ಆಗಸ್ಟಿನಲ್ಲಿ ಅದು 80ನ್ನು ಮೀರುವುದು ಸಾಮಾನ್ಯ ಎಂದು ಅವಳು ವಿವರಿಸಿದಳು. ಬಟ್ಟೆಯೂ ಅದಕ್ಕೆ ಬಳಿದ ಅಂಟೂ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತವೆ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣವೋ ವರ್ಷಗಳು ಕಳೆದಂತೆ ಗಡುಸಾಗುತ್ತಲೇ ಹೋಗುವುದರಿಂದ ಆ ಚಲನೆಗೆ ಹೊಂದಿಕೊಳ್ಳಲಾರದೆ ಬಿರಿಯುತ್ತದೆ. ಮೂಲೆಗಳಲ್ಲಿ ಕ್ಯಾನ್ವಾಸನ್ನು ಬಿಗಿಯಾಗಿಡುವ ಮರದ ಪುಟ್ಟ ಬೆಣೆಗಳಲ್ಲಿ ಒಂದು ಕಳಚಿ, ಚೌಕಟ್ಟಿಗೂ ಬಟ್ಟೆಗೂ ನಡುವೆ ಬಿದ್ದಿತ್ತು. ಮುಂದಿನಿಂದ ಕಾಣುತ್ತಿದ್ದ ಒಂದು ಉಬ್ಬಿಗೆ ಆ ಬೆಣೆಯೇ ಕಾರಣ. ಅವಳು ಅದನ್ನು ತೆಳುವಾದ ರಟ್ಟಿನ ತುಂಡಿನಿಂದ ಮೆಲ್ಲಗೆ ಜರುಗಿಸಿ ಹೊರತೆಗೆದಾಗ ಅತ್ತೆ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಬೂಷ್ಟನ್ನು ಅವಳು ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ, ಒಣ ಬ್ರಷ್‌ನಿಂದಲೇ ತೆಗೆದಳು. ಒದ್ದೆ ಬಟ್ಟೆ ತಾಗಿಸಿದರೆ ಬೂಷ್ಟು ಒಳಕ್ಕಿಳಿಯುತ್ತದೆ. ಹೆಚ್ಚಿದ ಆಲೂಗಡ್ಡೆಯಿಂದ ಉಜ್ಜಿದರೆ ಚಿತ್ರ ಹೊಳೆಯುತ್ತದೆಂದು ಅತ್ತೆ ಎಲ್ಲಿಯೋ ಕೇಳಿದ್ದರು. "ಬೇಡ ಆಂಟಿ, ಅದರ ಪಿಷ್ಟ ಬಿರುಕಿನೊಳಗೆ ಉಳಿದು ಬೂಷ್ಟಿಗೇ ಊಟವಾಗುತ್ತದೆ" ಎಂದು ಅವಳು ನಕ್ಕಳು. ಪ್ಲೈವುಡ್ಡಿನ ಬದಲಿಗೆ ಆಮ್ಲರಹಿತ ರಟ್ಟನ್ನು ಬೆನ್ನಿಗೆ ಕೂರಿಸಿದೆವು. ಚೌಕಟ್ಟಿನ ಕೆಳಗಿನ ಎರಡು ಮೂಲೆಗಳಿಗೆ ಕಾರ್ಕಿನ ಬಿಲ್ಲೆ ಅಂಟಿಸಿದ್ದರಿಂದ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲು ಜಾಗ ಸಿಕ್ಕಿತು.

ಇನ್ನು ಗೋಡೆಯ ಪ್ರಶ್ನೆ. ಹಾಲ್‌ನಲ್ಲಿ ಸೋಫಾದ ಮೇಲಿನ ಗೋಡೆ ಎಲ್ಲರ ಕಣ್ಣಿಗೆ ಬೀಳುವಂಥದ್ದಾದರೂ ಅದು ಪಶ್ಚಿಮದ ಹೊರಗೋಡೆ. ಸೊಸೈಟಿಯವರು ವಾಟರ್‌ಪ್ರೂಫಿಂಗ್ ಮಾಡಿಸಿದ ಮೇಲೂ ಪ್ರತಿ ಮಳೆಗಾಲ ಅದರ ಬಣ್ಣ ಪದರ ಏಳುತ್ತದೆ. ಪ್ಯಾಸೇಜಿನ ಗೋಡೆಯ ಹಿಂದೆ ಬಚ್ಚಲಿನ ಪೈಪುಗಳಿವೆ. ಊಟದ ಮೇಜಿನ ಬಳಿ ಒಗ್ಗರಣೆಯ ಹೊಗೆ, ದೇವರ ಕಪಾಟಿನ ಪಕ್ಕ ಊದುಬತ್ತಿಯ ಮಸಿ. ಉಳಿದದ್ದು ಮಲಗುವ ಕೋಣೆಗೂ ಹಾಲ್‌ಗೂ ನಡುವಿನ ಒಳಗೋಡೆ, ಅಂದರೆ ಟಿ.ವಿ. ಇದ್ದ ಗೋಡೆ. ಇದರ ಬಗ್ಗೆ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ, ಟಿ.ವಿ. ಈಗ ಪಶ್ಚಿಮದ ಗೋಡೆಯ ಮುಂದೆ ಸ್ಟ್ಯಾಂಡಿನ ಮೇಲಿದೆ ಎಂದಷ್ಟೇ ಹೇಳುತ್ತೇನೆ.

ಚಿತ್ರದ ನಡುಭಾಗ ನೆಲದಿಂದ ಸುಮಾರು ಐದಡಿ ಎತ್ತರಕ್ಕೆ ಬರುವಂತೆ, ಒಂದು ಮೊಳೆಯ ಬದಲು ಎರಡು ಕೊಂಡಿಗಳಿಗೆ ತೂಗುಹಾಕಿದೆವು. ನಮ್ಮಲ್ಲಿ ಅನೇಕರು ಚಿತ್ರಗಳನ್ನು ಹಿರಿಯರ ಫೋಟೋಗಳಂತೆ ಬಾಗಿಲ ತಲೆಪಟ್ಟಿಯ ಮೇಲೆ ಏರಿಸುತ್ತಾರೆ. ಅಲ್ಲಿಂದ ಕುಂಚದ ಗುರುತುಗಳು ಯಾರಿಗೂ ಕಾಣುವುದಿಲ್ಲ. ಎಲೆಕ್ಟ್ರಿಷಿಯನ್ ಚೌಕಟ್ಟಿನ ನೆತ್ತಿಗೆ ಹ್ಯಾಲೊಜನ್ ದೀಪ ಹಾಕುತ್ತೇನೆಂದ. ಅದರ ಶಾಖವೇ ಒಂದು ತೊಂದರೆಯಾದ್ದರಿಂದ, ಚಾವಣಿಯಿಂದ ಓರೆಯಾಗಿ ಬೀಳುವ ಎಲ್‌ಇಡಿ ಆರಿಸಿಕೊಂಡೆವು. ವಸ್ತುಸಂಗ್ರಹಾಲಯಗಳು ತೈಲಚಿತ್ರಗಳಿಗೆ ಸಾಮಾನ್ಯವಾಗಿ 200 ಲಕ್ಸ್‌ನಷ್ಟು, ಕಾಗದದ ಮೇಲಿನ ಜಲವರ್ಣಕ್ಕೆ 50 ಲಕ್ಸ್‌ನಷ್ಟು ಬೆಳಕನ್ನು ಮಿತಿಯಾಗಿಡುತ್ತವೆ. ಮನೆಯಲ್ಲಿ ಅಳತೆ ಮಾಡುವವರಾರು, ನೇರ ಬಿಸಿಲು ಬೀಳದಿದ್ದರೆ ಅರ್ಧ ಕೆಲಸ ಆದಂತೆಯೇ.

ಆಕಾಶ ಹಳದಿಗಟ್ಟಿರುವುದು ಮಾತ್ರ ಹಾಗೆಯೇ ಉಳಿಯಿತು. ಅದು ಮಾವ ಕೊನೆಯಲ್ಲಿ ಬಳಿದ ವಾರ್ನಿಶ್ ಹಳತಾದದ್ದು. ಅದನ್ನು ದ್ರಾವಕದಿಂದ ಕರಗಿಸಿ ತೆಗೆಯಬಹುದಾದರೂ, ಕೆಳಗಿನ ಬಣ್ಣ ಕದಲದಂತೆ ಅಂಗುಲ ಅಂಗುಲವಾಗಿ ಪರೀಕ್ಷಿಸುತ್ತ ಸಾಗಬೇಕಾದ ಕೆಲಸವದು. ಅವಳು ಹೇಳಿದ ಖರ್ಚು ಕಡಿಮೆಯೇನಲ್ಲ. ಅತ್ತೆಗೆ ಆ ಹಳದಿ ಸಂಜೆಯ ಬಿಸಿಲಿನಂತೆ ಕಾಣುತ್ತದಂತೆ, ತೆಗೆಸುವುದು ಬೇಡವೆನ್ನುತ್ತಾರೆ. ನನಗೆ ಅದರಡಿಯ ನೀಲಿಯನ್ನು ನೋಡುವ ಆಸೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಮತ್ತೆ ಮಾತನಾಡೋಣವೆಂದು ಒಪ್ಪಿಕೊಂಡಿದ್ದೇವೆ.