ಒಣಗದ ನಾಯಿ

ಉಡುಪಿಯಲ್ಲಿ ಆಟಿ ಮಳೆ. ನಾಲ್ಕು ದಿನದಿಂದ ಒಳಗೆ ಹಗ್ಗದಲ್ಲಿ ನೇತಾಡುವ ಬೈರಾಸು ಇನ್ನೂ ಒಣಗಿಲ್ಲ. ಅದರಡಿ ಕೂತೇ ಬುಡಾಪೆಸ್ಟಿನ ತಂಗಿಯ ವಿಡಿಯೋ ಕಾಲ್ ತೆಗೆದೆ.

ಅವಳ ಹಿಂದೆ ಏನೋ ಬೆಳ್ಳಗಿನದು ಓಡಾಡಿತು.

"ಅದೆಂತ ಮಾರಾಯ್ತಿ, ನೆಲ ಒರೆಸುವ ಮಾಪಿಗೆ ಕಾಲು ಬಂದದ್ದಾ?" ಅಮ್ಮ ಕೇಳಿದ್ರು.

ಪಕ್ಕದ ಮನೆಯವರ ಕೊಮೊಂಡೋರ್ ಅಂತೆ. ಕುರಿಮಂದೆ ಕಾಯುವ ಹಂಗೇರಿಯ ಹಳೇ ತಳಿ. ಎರಡನೇ ಮಹಾಯುದ್ಧದಲ್ಲಿ ಅಳಿದೇ ಹೋಗುವಷ್ಟು ಕಮ್ಮಿಯಾಗಿತ್ತು, ಈಗಲೂ ಅಪರೂಪ.

ತಂಗಿ ಅದರ ಒಂದು ಜಡೆ ಎತ್ತಿ ಕ್ಯಾಮೆರಾಕ್ಕೆ ಹಿಡಿದಳು. ಥೇಟ್ ತೆಂಗಿನ ನಾರಿನ ಹಗ್ಗ. ಬಾಚುವ ಹಾಗಿಲ್ಲ, ಕೈಯಲ್ಲೇ ಒಂದೊಂದಾಗಿ ಬಿಡಿಸಬೇಕು. ತೋಳ ಬಾಯಿ ಹಾಕಿದರೆ ಹಲ್ಲು ಚರ್ಮಕ್ಕೆ ಇಳಿಯದ ಹಾಗೆ ಆ ಜಡೆಯೇ ಕವಚ. ಬಣ್ಣವೂ ಕುರಿಯದ್ದೇ.

ಕಾವಲಿನವ ಅಂದ್ರೆ ಮೀಸೆ, ಲಾಠಿ ಅಂದ್ಕೊಂಡಿದ್ದೆ. ಇದು ಕುರಿಯ ವೇಷ ಹಾಕಿಯೇ ಕಾಯ್ತದೆ. (ಕಣ್ಣೆಲ್ಲಿ ಅಂತ ಮಾತ್ರ ಕೊನೆವರೆಗೂ ಸಿಗಲಿಲ್ಲ.)

"ಸ್ನಾನ ಮಾಡಿಸಿದ್ರೆ ಒಣಗ್ಲಿಕ್ಕೆ ಎರಡು ದಿನ ಬೇಕಂತೆ ಅಮ್ಮ, ಫ್ಯಾನ್ ಹಾಕಿ."

ಅಮ್ಮ ಬೈರಾಸು ಮುಟ್ಟಿ ನೋಡಿದ್ರು. "ಇಲ್ಲಿ ಆದ್ರೆ ದೀಪಾವಳಿಗೇ."

ನಮ್ಮ ಕಾಳು ಸ್ಕೂಟರಿನಡಿ ಮಲಗಿದ್ದವ ಆಗ ಎದ್ದು ಬೊಗಳಿದ. ಗೇಟಲ್ಲಿ ಮೀನಿನವರ ಹಾರ್ನ್.